ಅರಸನ ಹೆಸರಿಲ್ಲದ ಗಡಿಗೆ

1822ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೋ ನಗರಕ್ಕೆ ಬಂದ. ಸ್ವಾಗತದ ಏರ್ಪಾಡಿನ ಹೊಣೆ ಹೊತ್ತವನು ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್. ಲೀತ್ ಬಂದರಿನಲ್ಲಿ ನಿಂತ ರಾಜನೌಕೆಯನ್ನೇರಿ ಅವನು ದೊರೆಯನ್ನು ಕಂಡ. ದೊರೆ ವಿಸ್ಕಿ ತರಿಸಿ, ಸ್ಕಾಟನ ಗೌರವಾರ್ಥವಾಗಿ ಕುಡಿದ. ಆ ಬಟ್ಟಲನ್ನು ತನಗೆ ಕರುಣಿಸಬೇಕೆಂದು ಸ್ಕಾಟ್ ಬೇಡಿಕೊಂಡ. ವಂಶಪಾರಂಪರ್ಯವಾಗಿ ಕಾಪಾಡುವ ಆಸೆಯಿಂದ ಅದನ್ನು ಅಂಗಿಯ ಹಿಂಜೇಬಿನಲ್ಲಿ ಭದ್ರವಾಗಿ ಇಟ್ಟುಕೊಂಡು ಮನೆಗೆ ಮರಳಿದ. ಮನೆಯಲ್ಲಿ ಕವಿ ಜಾರ್ಜ್ ಕ್ರ್ಯಾಬ್ ಅತಿಥಿಯಾಗಿ ಬಂದು ಕಾದಿದ್ದ. ಗೆಳೆಯನನ್ನು ಕಂಡ ಸಂಭ್ರಮದಲ್ಲಿ ಜೇಬಿನ ಸಂಗತಿ ಮರೆತುಹೋಯಿತು. ಸ್ಕಾಟ್ ಕುರ್ಚಿಯಲ್ಲಿ ಕುಳಿತ. ರಾಜನ ಬಟ್ಟಲು ಪುಡಿಯಾಯಿತು. ಅವನ ಅಳಿಯನೂ ಚರಿತ್ರಕಾರನೂ ಆದ ಲಾಕ್‌ಹಾರ್ಟ್ ಈ ಪ್ರಸಂಗವನ್ನು ನಗೆಯೊಡನೆ ಬರೆದಿಟ್ಟಿದ್ದಾನೆ.

ಒಡೆದದ್ದು ಗಾಜಿನ ಪಾತ್ರೆ. ಆದರೆ ರಾಜ ಬಂದುಹೋದ ಗಳಿಗೆಯನ್ನು ಕೈಯಲ್ಲಿ ಹಿಡಿಯಬಹುದಾದ ವಸ್ತುವೊಂದರಲ್ಲಿ ಉಳಿಸಿಕೊಳ್ಳಬೇಕೆಂಬ ಹಂಬಲ ಸ್ಕಾಟನೊಬ್ಬನದಲ್ಲ. ಇಂಗ್ಲೆಂಡಿನ ಕುಂಬಾರರು ಈ ಹಂಬಲವನ್ನು ಬಹು ಹಿಂದೆಯೇ ಅರಿತಿದ್ದರು. ಹದಿನೇಳನೆಯ ಶತಮಾನದಲ್ಲಿ ಎರಡನೆಯ ಚಾರ್ಲ್ಸ್ ಪಟ್ಟಕ್ಕೆ ಮರಳಿದಾಗಲೇ ಅವನ ಮುಖವನ್ನು ಬರೆದ ಬಿಳಿಗಾಹಿನ ಪಾತ್ರೆಗಳು ಹೊರಬಿದ್ದವು. ಆಗ ಪ್ರತಿ ಪಾತ್ರೆಯ ಮೇಲೂ ಕುಂಚದಿಂದಲೇ ಬರೆಯಬೇಕಿತ್ತು. 1756ರ ವೇಳೆಗೆ ಲಿವರ್‌ಪೂಲಿನ ಸ್ಯಾಡ್ಲರ್ ಮತ್ತು ಗ್ರೀನ್, ತಾಮ್ರದ ಫಲಕದ ಚಿತ್ರವನ್ನು ಕಾಗದದ ಮೂಲಕ ಜೇಡಿಯ ಬಿಲ್ಲೆಗಳಿಗೆ ಇಳಿಸುವ ವಿಧಾನವನ್ನು ಸಾಧಿಸಿದರು. ಒಂದೇ ಚಿತ್ರ ಸಾವಿರಾರು ಪಾತ್ರೆಗಳ ಮೇಲೆ ಮೂಡುವಂತಾಯಿತು. ದೊರೆಯ ಮುಖ ಬಡವನ ಅಡುಗೆಮನೆಯ ಗೂಡಿಗೂ ಇಳಿಯಿತು. 1887 ಮತ್ತು 1897ರ ವಿಕ್ಟೋರಿಯಾ ರಾಣಿಯ ಜ್ಯುಬಿಲಿಗಳ ಹೊತ್ತಿಗೆ ಸ್ಟ್ಯಾಫರ್ಡ್‌ಶೈರಿನ ಆವಿಗೆಗಳಿಗೆ ಇದು ದೊಡ್ಡ ವ್ಯಾಪಾರವೇ ಆಗಿತ್ತು. ಪಟ್ಟಾಭಿಷೇಕಕ್ಕೊಂದು ಲೋಟ, ಮದುವೆಗೊಂದು ತಟ್ಟೆ, ರಾಜದಂಪತಿಗಳು ಊರಿಗೆ ಬಂದುಹೋದ ದಿನಕ್ಕೊಂದು ಹೂಜಿ.

ಈ ಪಾತ್ರೆಗಳ ಚರಿತ್ರೆಯಲ್ಲಿ ವಿನೋದಕ್ಕೂ ಕೊರತೆಯಿಲ್ಲ. ಎಂಟನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ 1937ರ ಮೇ 12ರ ದಿನ ಗೊತ್ತಾಗಿತ್ತು. ಪಾತ್ರೆಗಳು ಸಿದ್ಧವಾಗಿ ಅಂಗಡಿ ಸೇರಿದ್ದವು. 1936ರ ಡಿಸೆಂಬರಿನಲ್ಲಿ ದೊರೆ ಸಿಂಹಾಸನವನ್ನೇ ತ್ಯಜಿಸಿದ. ಗೊತ್ತುಪಡಿಸಿದ ಅದೇ ದಿನ ಅವನ ತಮ್ಮ ಆರನೆಯ ಜಾರ್ಜ್ ಕಿರೀಟ ಧರಿಸಿದ. ವೆಜ್‌ವುಡ್ ಸಂಸ್ಥೆಗಾಗಿ ಎರಿಕ್ ರಾವಿಲಿಯಸ್ ಎಂಬ ಕಲಾವಿದ ಎಡ್ವರ್ಡನಿಗೆಂದು ರಚಿಸಿದ್ದ ಲೋಟದ ಚಿತ್ರವನ್ನು ತಿದ್ದಿ ಜಾರ್ಜನಿಗೆ ಬಳಸಿದರು. ಕಲಾವಿದ 1942ರಲ್ಲಿ ತೀರಿಹೋದ ಮೇಲೂ ಅದೇ ಚಿತ್ರ 1953ರಲ್ಲಿ ಎಲಿಜಬೆತ್ ರಾಣಿಗೆ ಒದಗಿತು. ಒಂದೇ ಲೋಟ, ಮೂವರು ಅರಸರು. ಕೀರ್ತಿಯೆಂಬುದು ಅಚ್ಚಿನ ಅಕ್ಷರ ಬದಲಿಸಿದಷ್ಟು ಸುಲಭವಾಗಿ ಕೈ ಬದಲಿಸುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ವಸ್ತು ದೊರೆಯುವುದು ಕಷ್ಟ.

ಅದೇ ಸಾಮ್ರಾಜ್ಯದ ನೆರಳಿನಲ್ಲಿದ್ದ ಕನ್ನಡನಾಡಿಗೂ ರಾಜಕುಮಾರರು ಬಂದರು. 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಾಜಿನ ಮನೆಗೆ ಶಂಕುಸ್ಥಾಪನೆ ಮಾಡಿದ. ಎರಡು ವರ್ಷ ತುಂಬಿದ ಕೆಲವೇ ದಿನಗಳಲ್ಲಿ, 1892ರ ಜನವರಿಯಲ್ಲಿ, ಅವನು ತೀರಿಕೊಂಡ, ಅರಸನಾಗಲೇ ಇಲ್ಲ. ಫಲಪುಷ್ಪ ಪ್ರದರ್ಶನಕ್ಕೆ ಸೇರುವ ಲಕ್ಷಾಂತರ ಜನರಲ್ಲಿ ಅವನ ಹೆಸರನ್ನು ನೆನೆಯುವವರು ವಿರಳ, ಗಾಜಿನ ಮನೆ ಮಾತ್ರ ಎಲ್ಲರಿಗೂ ಗೊತ್ತು. 1961ರ ಫೆಬ್ರುವರಿಯಲ್ಲಿ ಬಂದ ಎರಡನೆಯ ಎಲಿಜಬೆತ್ ರಾಣಿ ಅದೇ ತೋಟದಲ್ಲಿ ಒಂದು ಅರಾಕೇರಿಯಾ ಸಸಿ ನೆಟ್ಟಳು. ಮುಂಬಯಿಯ ಕಥೆ ಇನ್ನೂ ಸ್ವಾರಸ್ಯದ್ದು. ಐದನೆಯ ಜಾರ್ಜ್ ದಂಪತಿಗಳ 1911ರ ಆಗಮನದ ಸ್ಮಾರಕವೆನಿಸಿದ ‘ಗೇಟ್‌ವೇ ಆಫ್ ಇಂಡಿಯಾ’ಕ್ಕೆ ಅಡಿಗಲ್ಲು ಬಿದ್ದದ್ದೇ 1913ರಲ್ಲಿ, ಕಟ್ಟಡ ತೆರೆದದ್ದು 1924ರಲ್ಲಿ, ದೊರೆ ಕಣ್ಣಾರೆ ಕಂಡದ್ದು ರಟ್ಟಿನ ಮಾದರಿಯನ್ನು. ಗಾಜು, ಮರ, ಕಲ್ಲು ಇವೆಲ್ಲ ರಾಜಾಗಮನದ ಗುರುತುಗಳಾದವು. ಲೋಟದ ಮೇಲೆ ದೊರೆಯ ಮುಖ ಬರೆಯುವ ಕುಂಬಾರಿಕೆ ಮಾತ್ರ ಇಲ್ಲಿ ಒಂದು ಪರಂಪರೆಯಾಗಿ ಬೇರೂರಲಿಲ್ಲ.

ಜೇಡಿಯ ಮೇಲೆ ಅಚ್ಚೊತ್ತುವ ವಿದ್ಯೆ ಈ ನಾಡಿಗೆ ಬರಲಿಲ್ಲವೆಂದು ಇದರ ಅರ್ಥವಲ್ಲ. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ. ಕರಾವಳಿಯ ನದಿದಂಡೆಯ ಜೇಡಿಯಿಂದ ಸುಟ್ಟ ಆ ಹಂಚುಗಳ ಮೈಮೇಲೆ ಅಕ್ಷರಗಳಿವೆ, ಹಲವುಗಳಲ್ಲಿ ಇಸವಿಯೂ ಇದೆ. ಆದರೆ ಅದು ಕಾರ್ಖಾನೆಯ ಹೆಸರು. ಹಳೆಯ ಮನೆಗಳ ಮಾಡು ಬಿಚ್ಚುವಾಗ ಸಿಗುವ ಈ ಹೆಸರುಗಳು ಕೈಗಾರಿಕೆಯ ಇತಿಹಾಸಕ್ಕೆ ಒಳ್ಳೆಯ ಆಕರ; ಅಲ್ಲಿ ಅರಸರಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸರ್ಕಾರಿ ಪಿಂಗಾಣಿ ಕಾರ್ಖಾನೆ ಕ್ರಮೇಣ ಬಿ.ಎಚ್.ಇ.ಎಲ್. ಸಂಸ್ಥೆಗೆ ಸೇರಿತು, ಅದಕ್ಕೆ ಹೆಸರು ತಂದದ್ದು ವಿದ್ಯುತ್ ಕಂಬಗಳ ಮೇಲಿನ ಇನ್ಸುಲೇಟರು. ಸ್ಟ್ಯಾಫರ್ಡ್‌ಶೈರಿನಲ್ಲಿ ದೊರೆಯ ಲೋಟವಾಗುವ ಮಣ್ಣು ಇಲ್ಲಿ ವಿದ್ಯುತ್ ತಂತಿ ಹೊತ್ತಿತು.

ಹಾಗಾದರೆ ಅರಸ ಬಂದುಹೋದುದನ್ನು ಕನ್ನಡನಾಡು ಎಲ್ಲಿ ಬರೆದುಕೊಂಡಿತು ಎಂಬ ಪ್ರಶ್ನೆಗೆ ಶ್ರವಣಬೆಳಗೊಳದ ಭಂಡಾರಿ ಬಸದಿ ಉತ್ತರ ಕೊಡುತ್ತದೆ. ಹೊಯ್ಸಳರ ಭಂಡಾರಿ ಹುಳ್ಳ ಇಪ್ಪತ್ನಾಲ್ಕು ತೀರ್ಥಂಕರರಿಗೆಂದು ಕಟ್ಟಿಸಿದ ಜಿನಾಲಯವಿದು. ಊರಿನ ಬಸದಿಗಳಲ್ಲಿ ಇದೇ ದೊಡ್ಡದು. 1159ರ ಶಾಸನದ ಪ್ರಕಾರ, ದಿಗ್ವಿಜಯಕ್ಕೆ ಹೊರಟ ಒಂದನೆಯ ನರಸಿಂಹ ದಾರಿಯಲ್ಲಿ ಬೆಳಗೊಳಕ್ಕೆ ಬಂದ, ಗೊಮ್ಮಟನಿಗೆ ವಂದಿಸಿದ, ಹುಳ್ಳನ ಬಸದಿಯನ್ನು ಕಂಡು ಮೆಚ್ಚಿದ. ಹುಳ್ಳನಿಗೆ ‘ಸಮ್ಯಕ್ತ್ವಚೂಡಾಮಣಿ’ ಎಂಬ ಬಿರುದಿತ್ತು. ಅದಕ್ಕೆ ಒಪ್ಪುವಂತೆ ಅರಸ ಆ ಜಿನಾಲಯಕ್ಕೆ ‘ಭವ್ಯಚೂಡಾಮಣಿ’ ಎಂದು ಹೆಸರಿಟ್ಟು, ಸವಣೇರು ಎಂಬ ಊರನ್ನು ದತ್ತಿ ಬಿಟ್ಟ. ಈ ಪ್ರಸಂಗದ ಸೊಗಸು ಅದರ ದಿಕ್ಕಿನಲ್ಲಿದೆ. ಸ್ಟ್ಯಾಫರ್ಡ್‌ಶೈರಿನ ಲೋಟದ ಮೇಲೆ ಪ್ರಜೆಯೊಬ್ಬ ಅರಸನ ಹೆಸರು ಬರೆಯುತ್ತಾನೆ. ಬೆಳಗೊಳದಲ್ಲಿ ಭೇಟಿಗೆ ಬಂದ ಅರಸನೇ ತನ್ನ ಅಧಿಕಾರಿಯ ಬಿರುದಿನ ಛಾಯೆಯುಳ್ಳ ಹೆಸರನ್ನು ಕಟ್ಟಡಕ್ಕೆ ಇಟ್ಟು ಹೋಗುತ್ತಾನೆ. ಅರಸನ ಭೇಟಿಯ ಸ್ಮಾರಕ, ಅವನ ಹೆಸರನ್ನು ಹೊತ್ತಿಲ್ಲ! ಅದರ ಬೆನ್ನಿಗೆ ಒಂದು ಊರಿನ ಆದಾಯವಿದೆ. ದೀಪ, ಪೂಜೆ, ಆಹಾರದಾನಗಳ ಜೀವಂತ ವ್ಯವಸ್ಥೆಯಿದೆ. ಜನರ ನಾಲಗೆ ಮಾತ್ರ ಅರಸ ಕೊಟ್ಟ ಸಂಸ್ಕೃತದ ಹೆಸರನ್ನು ಬಿಟ್ಟು, ಕಟ್ಟಿಸಿದವನ ಹುದ್ದೆಯನ್ನೇ ಹಿಡಿದು ‘ಭಂಡಾರಿ ಬಸದಿ’ ಎಂದಿತು.

ಇದಕ್ಕೆ ಪ್ರತಿಯಾದ ಇನ್ನೊಂದು ಪ್ರಸಂಗ ದೋರಸಮುದ್ರದ್ದು. ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ. ಪ್ರತಿಷ್ಠೆಯಾದ ಮೇಲೆ ಪುರೋಹಿತರು ಶೇಷೆಯನ್ನು ಹೊತ್ತು ಬಂಕಾಪುರದಲ್ಲಿ ಬೀಡುಬಿಟ್ಟಿದ್ದ ವಿಷ್ಣುವರ್ಧನನ ಬಳಿಗೆ ಹೋದರು. ಆಗಷ್ಟೇ ಅವನಿಗೆ ಯುದ್ಧದಲ್ಲಿ ಜಯ ದೊರೆತಿತ್ತು, ಗಂಡುಮಗು ಹುಟ್ಟಿತ್ತು. ಅರಸ ದೇವರಿಗೆ ‘ವಿಜಯಪಾರ್ಶ್ವ’ನೆಂದೂ ಮಗನಿಗೆ ‘ವಿಜಯನರಸಿಂಹ’ನೆಂದೂ ಹೆಸರಿಟ್ಟ. ಇಲ್ಲಿ ಅರಸ ದೇವರ ಬಳಿಗೆ ಬರಲಿಲ್ಲ, ಪ್ರಸಾದವೇ ಅರಸನ ಬೀಡಿಗೆ ನಡೆಯಿತು. ಆ ಕೂಸೇ ಬೆಳೆದು, ಮೇಲೆ ಹೇಳಿದ 1159ರ ನರಸಿಂಹನಾಗಿ ಬೆಳಗೊಳಕ್ಕೆ ಬಂದುದು.

ಬಳ್ಳಾರಿ ಸೀಮೆಗೆ ಬಂದರೆ, ರಾಜರ ಭೇಟಿಯ ವಿಷಯದಲ್ಲಿ ಹಂಪೆಯನ್ನು ಮೀರಿದ ಸ್ಥಳವಿಲ್ಲ. ಫಿರೋಜ್ ಶಾಹ ಬಹಮನಿಗೆ ಒಂದನೆಯ ದೇವರಾಯನ ಮಗಳನ್ನು ಕೊಟ್ಟು ಮದುವೆಯಾದಾಗ ಸುಲ್ತಾನ ವಿಜಯನಗರಕ್ಕೆ ಬಂದನೆಂದು ಫೆರಿಶ್ತಾ ಬರೆಯುತ್ತಾನೆ. ನಗರದ್ವಾರದಿಂದ ಅರಮನೆಯವರೆಗೆ ಆರು ಮೈಲಿ ದಾರಿಗೆ ಜರತಾರಿ, ಮಖಮಲ್ಲುಗಳನ್ನು ಹಾಸಿದ್ದರಂತೆ. ಮರಳುವಾಗ ದೇವರಾಯ ಸ್ವಲ್ಪ ದೂರ ಬಂದು ಹಿಂತಿರುಗಿದ. ಪಾಳೆಯದವರೆಗೂ ಬಂದು ಬೀಳ್ಕೊಡಲಿಲ್ಲವೆಂದು ಸುಲ್ತಾನ ಮನಸ್ಸಿನಲ್ಲಿ ಹಗೆ ಇಟ್ಟುಕೊಂಡ. ಒಂದೂವರೆ ಶತಮಾನದ ಬಳಿಕ ಅಳಿಯ ರಾಮರಾಯನ ಮಗ ತೀರಿಹೋದಾಗ ಬಿಜಾಪುರದ ಅಲಿ ಆದಿಲ್ ಶಾಹ ಸಾಂತ್ವನ ಹೇಳಲು ಇದೇ ನಗರಕ್ಕೆ ಬಂದ. ರಾಮರಾಯನ ಮಡದಿ ಅವನನ್ನು ಮಗನೆಂದೇ ಭಾವಿಸಿದಳು. ಆಗಲೂ ಕೊನೆಯಲ್ಲಿ ಉಳಿದದ್ದು ಅದೇ ಮುನಿಸು, ರಾಮರಾಯ ಊರಾಚೆಯವರೆಗೆ ಬಂದು ಕಳುಹಿಸಿಕೊಡಲಿಲ್ಲವೆಂಬುದು. ಎರಡು ಭೇಟಿಗಳಿಗೂ ಒಂದೇ ಅಂತ್ಯವನ್ನು ಹೊಂದಿಸಿದ ಈ ಚರಿತ್ರಕಾರನ ಮಾತನ್ನು ತುಸು ಎಚ್ಚರದಿಂದಲೇ ಓದಬೇಕು. ಅವನು ಬರೆದದ್ದು ಹದಿನೇಳನೆಯ ಶತಮಾನದ ಮೊದಲಲ್ಲಿ, ನಗರ ಹಾಳಾದ ಮೇಲೆ. ಆದರೂ ರಾಜರ ನಡುವಣ ಭೇಟಿಯಲ್ಲಿ ಎಷ್ಟು ಹೆಜ್ಜೆ ಜೊತೆಗೆ ಬಂದರೆಂಬುದೇ ಲೆಕ್ಕವಾಗುತ್ತಿತ್ತೆಂಬುದು ಅವನ ಬರಹದಿಂದ ತಿಳಿಯುತ್ತದೆ.

ಹೊರಗಿನಿಂದ ಬಂದವರಿಗೆ ವಿಜಯನಗರದ ಅರಸರು ಏನು ಕೊಟ್ಟರು? 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನಿಗೆ ಎರಡನೆಯ ದೇವರಾಯನ ಒಡ್ಡೋಲಗದಲ್ಲಿ ಸಿಕ್ಕದ್ದು ವೀಳ್ಯ, ಪಣಗಳ ಚೀಲ, ಕರ್ಪೂರ. ಸುಮಾರು 1520ರಲ್ಲಿ ಪೋರ್ಚುಗೀಸ್ ಪ್ರವಾಸಿ ಪಾಯೆಸನೊಡನೆ ಬಂದವರ ಮುಖಂಡನಿಗೆ ಕೃಷ್ಣದೇವರಾಯ ಜರತಾರಿಯ ಅಂಗಿ, ಕುಲಾವಿಗಳನ್ನೂ ಉಳಿದವರಿಗೆ ಚಿತ್ತಾರದ ವಸ್ತ್ರಗಳನ್ನೂ ಕೊಟ್ಟ. ವೀಳ್ಯ ಬಾಯಲ್ಲಿ ಕರಗುತ್ತದೆ, ಕರ್ಪೂರ ಗಾಳಿಯಲ್ಲಿ ಕರಗುತ್ತದೆ, ವಸ್ತ್ರ ಜೀರ್ಣವಾಗುತ್ತದೆ. ಉಡುಗೊರೆ ಎಂಬ ಪದದಲ್ಲಿಯೇ ಉಡುವ ಬಟ್ಟೆ ಅಡಗಿದೆ. ರಾಜಸಂದರ್ಶನದ ನೆನಪು ಮೈಗೆ ಸೇರಬೇಕೇ ಹೊರತು ಗೂಡಿನಲ್ಲಿ ಕೂರಬಾರದು ಎಂಬುದು ಆ ಕಾಲದ ರುಚಿ.

ಈ ಪಟ್ಟಿಯಲ್ಲಿ ಮಣ್ಣಿನ ಪಾತ್ರೆಗೆ ಸ್ಥಾನವಿಲ್ಲದಿರುವುದಕ್ಕೆ ತಂತ್ರಜ್ಞಾನಕ್ಕಿಂತ ಆಳವಾದ ಕಾರಣವಿದೆ. ಗಾಹು ಬಳಿಯದ ಮಡಕೆ ತನ್ನೊಳಗೆ ಇಟ್ಟದ್ದನ್ನು ಹೀರಿಕೊಳ್ಳುತ್ತದೆ. ಹಿತ್ತಾಳೆ, ತಾಮ್ರ, ಬೆಳ್ಳಿಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ಶುದ್ಧಗೊಳಿಸಬಹುದು; ಎಂಜಲಾದ ಮಡಕೆಗೆ ಶುದ್ಧಿಯಿಲ್ಲ. ಸೂತಕ ಕಳೆದ ಮೇಲೆ ಹಳೆಯ ಮಡಕೆಗಳನ್ನು ಹೊರಹಾಕಿ ಹೊಸವನ್ನು ತರುವ ವಾಡಿಕೆ ಹಳ್ಳಿಗಳಲ್ಲಿ ಬಹುಕಾಲ ಉಳಿದಿತ್ತು. ತಿಪ್ಪೆ ಸೇರುವ ವಸ್ತುವಿನ ಮೇಲೆ ಅರಸನ ಬಿರುದಾವಳಿ ಬರೆಯುವುದು ಗೌರವವಾಗುತ್ತಿರಲಿಲ್ಲ, ಅವಮಾನವಾಗುತ್ತಿತ್ತು. ಇಂಗ್ಲೆಂಡಿನ ಲೋಟಕ್ಕೆ ಗಾಜಿನಂಥ ಗಾಹು ಇತ್ತು, ತೊಳೆದರೆ ಹೊಸದಾಗುತ್ತಿತ್ತು. ಮೇಲಾಗಿ ಎಂಜಲಿನ ಕಲ್ಪನೆ ಆ ಸಮಾಜವನ್ನು ಕಾಡಿರಲಿಲ್ಲ. ಸ್ಕಾಟ್ ಬೇಡಿ ಪಡೆದದ್ದು ದೊರೆಯ ಎಂಜಲು ಬಟ್ಟಲನ್ನೇ. ಅದೂ ಒಂದು ಬಗೆಯ ಪ್ರಸಾದವೇ ಎಂದು ಕನ್ನಡದ ಓದುಗನೊಬ್ಬ ವಾದಿಸಬಹುದು. ಆದರೆ ಪ್ರಸಾದವನ್ನು ಸೇವಿಸುತ್ತಾರೆ, ಅದರ ಪಾತ್ರೆಯನ್ನು ಜೇಬಿಗೆ ಹಾಕಿಕೊಳ್ಳುವುದಿಲ್ಲ.

ಇದರ ಪರಿಣಾಮ ಕುಂಬಾರನ ಚರಿತ್ರೆಯ ಮೇಲಾಯಿತು. ಸ್ಟ್ಯಾಫರ್ಡ್‌ಶೈರಿನ ಕುಂಬಾರ ಅರಸನ ಹೆಸರಿನ ಕೆಳಗೆ, ಪಾತ್ರೆಯ ತಳದಲ್ಲಿ, ತನ್ನ ಮುದ್ರೆಯನ್ನೂ ಒತ್ತಿಕೊಂಡ. ಆ ಮೂಲಕ ತಾನೂ ದಾಖಲೆಯಾದ. ಹೊಯ್ಸಳರ ರೂವಾರಿಗಳು ವಿಗ್ರಹಗಳ ಪೀಠದ ಮೇಲೆ ತಮ್ಮ ಹೆಸರು, ಬಿರುದುಗಳನ್ನು ಕೆತ್ತಿ ಉಳಿದರು. ವಿಜಯನಗರದ ಕುಂಬಾರನಿಗೆ ಈ ಎರಡೂ ಭಾಗ್ಯವಿರಲಿಲ್ಲ. ಅಮೆರಿಕದ ಪುರಾತತ್ತ್ವಜ್ಞೆ ಕಾರ್ಲಾ ಸಿನೊಪೋಲಿ ಹಂಪೆಯ ಗಣ್ಯರ ವಸತಿಯೆಂದು ಗುರುತಿಸಲಾದ ಪ್ರದೇಶದ ಮಡಕೆ ಚೂರುಗಳನ್ನು ಅಳೆದು, ವಿಂಗಡಿಸಿ, 1993ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಅಲ್ಲಿ ಸಿಕ್ಕ ಚೂರುಗಳಲ್ಲಿ ಬಹುಪಾಲು ಅಲಂಕಾರವಿಲ್ಲದ ಸಾದಾ ಮಣ್ಣಿನ ಪಾತ್ರೆಗಳವು. ಅಡುಗೆಗೆ, ನೀರಿಗೆ, ಕಾಳುಕಡಿಗೆ ಬಳಸಿದವು. ಉಣ್ಣಲು ಎಲೆಯೂ ಲೋಹವೂ ಇದ್ದವು. ಚೀನಾದಿಂದ ಬಂದ ಪಿಂಗಾಣಿಯ ತುಣುಕುಗಳೂ ನಗರದ ಅವಶೇಷಗಳಲ್ಲಿ ದೊರೆತಿವೆ. ದೂರದೇಶದ ಪಿಂಗಾಣಿಗೆ ಅರಮನೆಯ ಬಾಗಿಲು ತೆರೆಯಿತು. ಊರ ಕುಂಬಾರನ ಗಡಿಗೆ ಅಡುಗೆಮನೆಯ ಆಚೆಗೆ ಬರಲಿಲ್ಲ. ತೆರಿಗೆ, ದತ್ತಿಗಳ ಲೆಕ್ಕದಲ್ಲಿ ನೇಕಾರರು, ಗಾಣಿಗರು, ಪಂಚಾಳರು ಮತ್ತೆಮತ್ತೆ ಕಾಣಿಸಿಕೊಳ್ಳುವಷ್ಟು ಕುಂಬಾರ ಕಾಣಿಸಿಕೊಳ್ಳುವುದಿಲ್ಲ. ಶಾಸನಗಳನ್ನು ಮಾತ್ರ ಓದುವ ಸಂಶೋಧಕನಿಗೆ, ಆ ಮಹಾನಗರದ ಅನ್ನ ಬೇಯಿಸಿದ ಪಾತ್ರೆಯನ್ನು ಮಾಡಿದವನು ಇರಲೇ ಇಲ್ಲವೆನಿಸಬಹುದು. ಸಾಹಿತ್ಯದ ವಿದ್ಯಾರ್ಥಿಗಳು ಬೋಕಿಯನ್ನು ಪಠ್ಯವೆಂದು ಪರಿಗಣಿಸದಿರುವುದು ಈ ಮರೆವನ್ನು ಇಮ್ಮಡಿಸಿದೆ.

ಬೋಕಿಯ ಸಾಕ್ಷ್ಯ ಬಳ್ಳಾರಿ ಸೀಮೆಯಲ್ಲಿ ಅರಸೊತ್ತಿಗೆಗಿಂತ ಬಹಳ ಹಳೆಯದು. ಸಿರುಗುಪ್ಪ ಸೀಮೆಯ ತೆಕ್ಕಲಕೋಟೆಯ ಬೆಟ್ಟಗಳಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನ ನವಶಿಲಾಯುಗದ ಜನವಸತಿಯನ್ನು ಬೆಳಕಿಗೆ ತಂದಿತು. ಆ ಜನ ಸತ್ತವರೊಡನೆ ಮಡಕೆಗಳನ್ನಿಟ್ಟು ಹೂಳಿದರು. ಎಳೆಯ ಮಕ್ಕಳನ್ನು ಮಡಕೆಯಲ್ಲಿಯೇ ಮಲಗಿಸಿದರು. ಲಿಪಿಯಿಲ್ಲದ, ಅರಸನಿಲ್ಲದ ಕಾಲದಲ್ಲಿ ಸ್ಮರಣೆಯ ಪಾತ್ರೆ ಮಣ್ಣಿನದೇ ಆಗಿತ್ತು. ಬಳ್ಳಾರಿಯ ಗಾಂಧಿನಗರದಿಂದ ಹೊರಟು ಕುರುಗೋಡು, ತೆಕ್ಕಲಕೋಟೆಗಳ ಹಾದಿ ಹಿಡಿದವರು ಒಂದೇ ದಿನದಲ್ಲಿ ಸಿಂದ ಅರಸರ ರಾಜಧಾನಿಯ ಕಲ್ಲಿನ ಗುಡಿಗಳನ್ನೂ ಈ ಮಣ್ಣಿನ ಗೋರಿಗಳ ನೆಲವನ್ನೂ ನೋಡಿ ಬರಬಹುದು. ಇವೆರಡರ ನಡುವೆ ಎರಡು ಸಾವಿರಕ್ಕೂ ಮಿಕ್ಕ ವರ್ಷಗಳ ಅಂತರವಿದೆ.

ಜೀವಂತ ಆಚರಣೆಯಲ್ಲಿಯೂ ನೆನಪಿನ ಗಡಿಗೆ ಸತ್ತಿಲ್ಲ. ಉತ್ತರ ಕರ್ನಾಟಕದ ಮದುವೆಗಳಲ್ಲಿ ಕುಂಬಾರರ ಮನೆಗೆ ಹೋಗಿ, ಸುಣ್ಣ ಬಣ್ಣಗಳಿಂದ ಚಿತ್ತಾರ ಬರೆದ ಗಡಿಗೆಗಳಿಗೆ ಪೂಜೆ ಸಲ್ಲಿಸಿ, ವಾದ್ಯಸಮೇತ ಮೆರವಣಿಗೆಯಲ್ಲಿ ತರುವ ‘ಐರಣಿ’ಯ ಸಂಪ್ರದಾಯ ಪ್ರಸಿದ್ಧವಾದದ್ದು. ಸ್ಮರಣಾರ್ಥ ಕುಂಬಾರಿಕೆಗೆ ಕನ್ನಡದ ನೇರ ಸಂವಾದಿ ಬೇಕೆಂದರೆ ಐರಣಿಯನ್ನೇ ತೋರಿಸಬೇಕು. ಅದರ ಮೇಲೆ ಹೆಸರಿಲ್ಲ, ತಾರೀಕಿಲ್ಲ. ಆ ದಿನ ಅದನ್ನು ತರಲು ಮದುವೆಯ ಮನೆಯವರೇ ಕುಂಬಾರನ ಹೊಸ್ತಿಲಿಗೆ ನಡೆದುಹೋಗುತ್ತಾರೆ.

ಕುಂಬಾರನ ಹೊಸ್ತಿಲಿಗೆ ದೊಡ್ಡವರು ನಡೆದುಹೋದ ಕಥೆಗಳು ಸಾಹಿತ್ಯದಲ್ಲಿ ಎರಡು ಸೊಗಸಾದ ರೂಪ ಪಡೆದಿವೆ. ಒಂದು ಶ್ವೇತಾಂಬರ ಪರಂಪರೆಯ ಅರ್ಧಮಾಗಧಿ ಆಗಮ ‘ಉವಾಸಗದಸಾಓ’ದ್ದು. ಪೋಲಾಸಪುರದ ಸದ್ದಾಲಪುತ್ರ ಸಾಮಾನ್ಯ ಕುಂಬಾರನಲ್ಲ. ಊರ ಹೊರಗೆ ಐನೂರು ಮಳಿಗೆಗಳ ಒಡೆಯ. ಆಜೀವಿಕ ಮತದವನಾದುದರಿಂದ ಎಲ್ಲವೂ ನಿಯತಿಯಂತೆ ನಡೆಯುತ್ತದೆ, ಪುರುಷಪ್ರಯತ್ನವೆಂಬುದಿಲ್ಲ ಎಂದು ನಂಬಿದವನು. ರಾಜಕುಲವನ್ನು ತೊರೆದು ಬಂದ ಮಹಾವೀರ ಅವನ ಕುಂಬಾರಸಾಲೆಗೇ ಬಂದು ತಂಗುತ್ತಾನೆ. ಸದ್ದಾಲಪುತ್ರ ಹಸಿ ಮಡಕೆಗಳನ್ನು ಬಿಸಿಲಿಗೆ ಇಡುತ್ತಿದ್ದಾಗ, ಇವು ಹೇಗಾದವೆಂದು ಕೇಳುತ್ತಾನೆ. ಮಣ್ಣು ತಂದು, ನೀರು ಬೆರೆಸಿ, ಬೂದಿ ಸಗಣಿಗಳೊಡನೆ ಕಲಸಿ, ತಿಗರಿಗೆ ಏರಿಸಿದೆನೆಂದು ಕುಂಬಾರ ವಿವರಿಸುತ್ತಾನೆ. ಹಾಗಾದರೆ ಇವು ಪ್ರಯತ್ನದಿಂದ ಆದವೋ, ಪ್ರಯತ್ನವಿಲ್ಲದೆ ಆದವೋ? ಪ್ರಯತ್ನವಿಲ್ಲದೆ, ಎಂದು ಮತನಿಷ್ಠನಾದ ಕುಂಬಾರ ಉತ್ತರಿಸುತ್ತಾನೆ. ಯಾರಾದರೂ ಬಂದು ಇವನ್ನು ಕದ್ದರೆ, ಒಡೆದರೆ, ನಿನ್ನ ಮಡದಿಯ ಮೇಲೆ ಕೈ ಮಾಡಿದರೆ ಏನು ಮಾಡುವೆ? ಹೊಡೆಯುತ್ತೇನೆ, ಕಟ್ಟಿಹಾಕುತ್ತೇನೆ. ಎಲ್ಲವೂ ನಿಯತಿಯೇ ಆದರೆ ಒಡೆದವನ ತಪ್ಪೇನು?

ಸದ್ದಾಲಪುತ್ರ ಈ ಪ್ರಶ್ನೆಗೆ ಸೋತು ಶ್ರಾವಕನಾಗುತ್ತಾನೆ. ದಾರ್ಶನಿಕರು ಇದನ್ನು ನಿಯತಿವಾದದ ಖಂಡನೆಯೆಂದು ಓದುವುದು ಸರಿಯೇ. ಆದರೆ ಕುಂಬಾರಿಕೆಯ ಕಡೆಯಿಂದ ಓದಿದರೆ ಬೇರೊಂದು ಸಂಗತಿ ಕಾಣುತ್ತದೆ. ಮಡಕೆ ತನ್ನಷ್ಟಕ್ಕೆ ಆದದ್ದಲ್ಲ, ಅದನ್ನು ಮಾಡಿದವನೊಬ್ಬನಿದ್ದಾನೆ ಎಂದು ಮಾಡಿದವನ ಬಾಯಿಂದಲೇ ಒಪ್ಪಿಸುವ ಸಂವಾದ ಇದು. ಶಾಸನಗಳು ಕೊಡದ ಕರ್ತೃತ್ವವನ್ನು ಆಗಮ ಕುಂಬಾರನಿಗೆ ಕೊಟ್ಟಿದೆ; ತೀರ್ಥಂಕರನೊಬ್ಬ ಕೈಕಸುಬಿನ ಹಂತಗಳನ್ನು ಕುತೂಹಲದಿಂದ ಕೇಳಿಸಿಕೊಳ್ಳುವ ಈ ಗಳಿಗೆ ಜೈನ ವಾಙ್ಮಯದಲ್ಲಿ ಅಪರೂಪದ್ದು.

ಇನ್ನೊಂದು ಕಥೆ ಹಂಪೆಯ ಕವಿಯದು. ಹರಿಹರ ಹೊಯ್ಸಳ ದೊರೆಯ ಬಳಿ ಕರಣಿಕನಾಗಿದ್ದು, 'ವಿರೂಪಾಕ್ಷನ ಲೆಂಕ' ತಾನೆಂದು ಅರಸನ ಸೇವೆ ಬಿಟ್ಟು ಹಂಪೆಗೆ ಬಂದನೆಂಬುದು ಪರಂಪರೆಯ ನಂಬಿಕೆ. ದೇವರಿಗಲ್ಲದೆ ಮನುಷ್ಯರಿಗೆ ಕಾವ್ಯ ಸಲ್ಲದೆಂಬ ಹಟದವನು. ಅವನ ‘ಕುಂಬಾರ ಗುಂಡಯ್ಯನ ರಗಳೆ’ಯಲ್ಲಿ, ಭಲ್ಲುಕೆಯ ಗುಂಡಯ್ಯ ಗಡಿಗೆ ಮಾಡುತ್ತ, ಅದನ್ನು ಬಡಿಯುತ್ತ, ಆ ಬಡಿತದ ಲಯಕ್ಕೆ ಭಕ್ತಿಯಿಂದ ಕುಣಿಯುತ್ತಾನೆ. ಆ ದನಿ ಕೇಳಿ ಶಿವನೇ ಇಳಿದು ಬಂದು ಅವನೆದುರು ಕುಣಿಯುತ್ತಾನೆ. ಕುಂಬಾರನ ಅಂಗಳದಲ್ಲಿ ದೇವರು ಹೆಜ್ಜೆ ಹಾಕಿದ ಈ ಭೇಟಿಗೆ ವಾದ್ಯ ಗಡಿಗೆ, ಕಾರಣವೂ ಗಡಿಗೆ. ಗಡಿಗೆಯ ಬಿರುಕನ್ನು ಕುಂಬಾರ ಬಡಿದು, ದನಿ ಕೇಳಿ ಪರೀಕ್ಷಿಸುತ್ತಾನೆಂಬುದು ಸಂತೆಯಲ್ಲಿ ಮಡಕೆ ಕೊಂಡವರಿಗೆಲ್ಲ ಗೊತ್ತು. ಹರಿಹರ ಆ ಕಸುಬಿನ ದನಿಯನ್ನೇ ತಾಳವಾಗಿಸಿದ. ಅರಸನನ್ನು ಬಿಟ್ಟುಬಂದ ಕವಿಯೊಬ್ಬ ಅರಸರ ಓಲಗಕ್ಕೆ ಬದಲಾಗಿ ಕುಂಬಾರನ ಅಂಗಳವನ್ನು ಆರಿಸಿಕೊಂಡದ್ದು ಆಕಸ್ಮಿಕವೆನಿಸುವುದಿಲ್ಲ. ಜಿನಾಗಮ, ಶಿವಕಾವ್ಯಗಳು ತತ್ತ್ವದಲ್ಲಿ ಎಷ್ಟು ದೂರವಿದ್ದರೂ ಈ ಅಂಗಳದಲ್ಲಿ ಅವು ನೆರೆಹೊರೆ.

ದಿಗಂಬರ ಸಂಪ್ರದಾಯದಲ್ಲಿ ಅತಿಥಿಗಳಲ್ಲೆಲ್ಲ ದೊಡ್ಡವನು ಆಹಾರಕ್ಕೆ ಬರುವ ಮುನಿ. ಶ್ರಾವಕರು ಕಲಶ ಹಿಡಿದು ಬಾಗಿಲಲ್ಲಿ ನಿಂತು ಅವನನ್ನು ಬರಮಾಡಿಕೊಳ್ಳುತ್ತಾರೆ. ಅವನಾದರೋ ಪಾಣಿಪಾತ್ರ, ಅಂಗೈಯಲ್ಲೇ ಉಣ್ಣುವವನು. ಅವನು ಮುಟ್ಟಿದ ಬಟ್ಟಲೆಂದು ಎತ್ತಿಡಲು ಆ ಮನೆಯಲ್ಲಿ ಏನೂ ಉಳಿಯುವುದಿಲ್ಲ.

ಪಾತ್ರೆಯೊಂದು ರಾಜವೈಭವದ ಎದುರು ನಿಂತು ಸ್ಮಾರಕವಾದ ಒಂದೇ ಒಂದು ನಿದರ್ಶನ ಮತ್ತೆ ಬೆಳಗೊಳದ್ದೇ. ಗಂಗರ ಮಂತ್ರಿ, ದಂಡನಾಯಕ ಚಾವುಂಡರಾಯ ಗೊಮ್ಮಟನಿಗೆ ಕೊಡಗಟ್ಟಲೆ ಹಾಲು ಸುರಿಸಿದ. ಅಭಿಷೇಕ ನಾಭಿಯಿಂದ ಕೆಳಗಿಳಿಯಲಿಲ್ಲ. ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಒಂದಿಷ್ಟು ಹಾಲು ಇಡೀ ಮೂರ್ತಿಯನ್ನು ತೋಯಿಸಿ ಬೆಟ್ಟದಿಂದ ಹರಿಯಿತೆಂದು ಐತಿಹ್ಯ. ಚಾವುಂಡರಾಯನ ಕಾಲದ ದಾಖಲೆಗಳಲ್ಲಿ ಈ ಕಥೆಯನ್ನು ಹುಡುಕಬೇಕಿಲ್ಲ. ಅದು ಜನರು ಕಟ್ಟಿದ ಇತಿಹಾಸ. ಮುಂದಿನ ಶತಮಾನಗಳಲ್ಲಿ ಗೊಮ್ಮಟನ ಮಸ್ತಕಾಭಿಷೇಕಕ್ಕೆ ರಾಜರ ನಂಟು ಮುಂದುವರಿಯಿತು. 1677ರದನ್ನು ಚಿಕ್ಕದೇವರಾಜ ಒಡೆಯರ ಜೈನ ಮಂತ್ರಿ ವಿಶಾಲಾಕ್ಷ ಪಂಡಿತ ಮಾಡಿಸಿದ್ದನ್ನು ಅನಂತಕವಿ ವರ್ಣಿಸಿದ್ದಾನೆ. ನಾಲ್ವಡಿ ಕೃಷ್ಣರಾಜ ಒಡೆಯರು 1910 ಮತ್ತು 1925ರ ಮಹೋತ್ಸವಗಳಿಗೆ ಬಂದರು. ಅಭಿಷೇಕಕ್ಕೆ ಸಾವಿರದೆಂಟು ಕಲಶಗಳು ಸಿದ್ಧವಾಗುತ್ತವೆ. ಯಾವ ದೊರೆ ಬಂದರೂ, ಎಷ್ಟು ಕಲಶ ಏರಿದರೂ, ಸುತ್ತಾಲಯದ ಹೊರಗೆ ಗೊಮ್ಮಟನ ಎದುರಿಗೆ ಗುಳ್ಳಕಾಯಜ್ಜಿ ಕಲ್ಲಾಗಿ ನಿಂತೇ ಇದ್ದಾಳೆ, ಕೈಯಲ್ಲಿ ಆ ಪುಟ್ಟ ಚಿಪ್ಪನ್ನು ಹಿಡಿದುಕೊಂಡು.